ಗೆದ್ದಲು ಮುಟ್ಟದ ಹನ್ನೆರಡು ಕುರ್ಚಿಗಳು

1948ನೆಯ ಜೂನ್ 14, ಸೋಮವಾರ. ವಿಜಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗಟ್ಟಿಮುಟ್ಟಾದ ಹನ್ನೆರಡು ಸಾಗವಾನಿ ಕುರ್ಚಿಗಳ ಮೇಲೆ ‘ಗೆದ್ದಲು ಹತ್ತಿದೆ, ನಿರುಪಯೋಗಿ’ ಎಂಬ ಷರಾ ಬರೆಯಲಾಯಿತು. ಹೊಸದಾಗಿ ಬಂದ ಸಾಹೇಬರಿಗೆ ಮಖಮಲ್ಲಿನ ಕುರ್ಚಿಗಳು ಬೇಕಾಗಿದ್ದವು. ಹಳೆಯವು ಕೆಡದೆ ಹೊಸವು ಮಂಜೂರಾಗುವಂತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅಲ್ಲಿಯೇ ಕಾರಕೂನನಾಗಿದ್ದ ನಾನು ಅಂದು ಪಿಂಚಣಿಯ ಕಾಗದಕ್ಕೆಂದು ಹೋಗಿದ್ದೆ. ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಷರಾದ ಕೆಳಗೆ ಬಡಿಗನ ಹೆಬ್ಬೆಟ್ಟು ಬೇಕಿತ್ತು. ಜೋರಾಪುರ ಪೇಟೆಯ ಯಾಕೂಬನನ್ನು ಕರೆಸಿದರು. 1926ರಿಂದ ಆ ಕಚೇರಿಯ ಮರಗೆಲಸವೆಲ್ಲ ಅವನದೇ. ಬಾಚಿಯ ಬೆನ್ನಿನಿಂದ ಕಟ್ಟಿಗೆಯನ್ನು ಬಡಿದು, ಕಿವಿಗೊಟ್ಟು, ಒಳಗಿನ ಟೊಳ್ಳನ್ನು ಹೇಳಬಲ್ಲವನು. ಹನ್ನೆರಡನ್ನೂ ಬಡಿದು ನೋಡಿದ.

“ಸಾಹೇಬ್ರ, ನಿಮ್ಮ ಮೊಮ್ಮಕ್ಕಳು ಕುಂತರೂ ಇವು ಮುರಿಯೂದಿಲ್ರಿ.”

“ಹೆಬ್ಬಟ್ಟು ಒತ್ತಲೇ! ಕುರ್ಚಿ ನಿಮ್ಮಪ್ಪಂದೇನು?”

“ನಮ್ಮಪ್ಪಂದಲ್ರಿ. ಮಾಡಿದಾಂವ ಮಾತ್ರ ನಮ್ಮಪ್ಪನ್ರಿ.”

ಅಂದೇ ಕಚೇರಿಯ ಕಟ್ಟಿಗೆ ಕದ್ದನೆಂಬ ಸುಳ್ಳು ಹೊರಿಸಿ ಅವನನ್ನು ಕೆಲಸದಿಂದ ತೆಗೆದು, ದಾಖಲೆಯಲ್ಲಿ ‘ಕಳ್ಳ’ ಎಂದು ಬರೆದರು. ಬೇರೊಬ್ಬನ ಹೆಬ್ಬೆಟ್ಟು ಬಿತ್ತು. ಸುದ್ದಿ ಹಬ್ಬಿ, ಪೇಟೆಯವರೂ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಹಿಂಜರಿದರು.

“ಒಂದ್ ಹೆಬ್ಬಟ್ಟು ಉಳಿಸಾಕ ಹೋಗಿ ಒಲಿ ಆರಿಸಿದಿ ನೋಡು,” ಎಂದು ಹೆಂಡತಿ ಪೀರಾಂಬಿ ಹಂಗಿಸಿದಳು.

ಆಗಸ್ಟ್ 23ರಂದು ಹಿರಿಯ ಅಧಿಕಾರಿಯೊಬ್ಬರು ಟಿಕೋಟಾದಲ್ಲಿ ಬಿಡಾರ ಮಾಡಿ ಅಹವಾಲು ಕೇಳುವವರಿದ್ದರು. ಆಸನಗಳ ವ್ಯವಸ್ಥೆ ನಮ್ಮ ಸಾಹೇಬರದು. ಮಖಮಲ್ಲಿಗೆ ಧೂಳು ಹತ್ತೀತೆಂದು ಹೆದರಿ, ಹರಾಜಿಗಿಟ್ಟಿದ್ದ ಹಳೆಯ ಕುರ್ಚಿಗಳನ್ನೇ ಅವರು ಬಂಡಿಗೆ ಹೇರಿ ಕಳಿಸಿದರು! ಅರ್ಜಿ ಹಿಡಿದು ನನ್ನೊಡನೆ ಬಂದಿದ್ದ ಯಾಕೂಬ ಅವನ್ನು ಕಂಡವನೇ ನಕ್ಕುಬಿಟ್ಟ.

“ಯಾಕ ನಗಾಕತ್ತೀಯೋ?” ಎಂದರು ಹಿರಿಯ ಅಧಿಕಾರಿ.

“ಹುಷಾರ್ ಕುಂದರ್ರಿ ಸಾಹೇಬ್ರ. ನಿಮ್ಮ ಕೆಳಗಿನ ಕುರ್ಚಿಗೆ ಗೆದ್ದಲು ಹತ್ತೇತಂತ್ರಿ. ಕಾಗದದಾಗ ಬರದಾರ.”

ನಾನು ಹರಾಜಿನ ಜಾಹೀರಾತನ್ನು ಮುಂದಿಟ್ಟೆ. ಅವರು ಎದ್ದು ಕುರ್ಚಿ ಮಗುಚಿದರು. ಅಡಿಯಲ್ಲಿ ಕೊರೆದ ಸಂಖ್ಯೆ ಏಳು, ಜಾಹೀರಾತಿನ ‘ಗೆದ್ದಲು ಹತ್ತಿದ’ ಕುರ್ಚಿಗಳ ಪಟ್ಟಿಯಲ್ಲಿಯೂ ಏಳು. ಮತ್ತೆ ಧೊಪ್ಪೆಂದು ಕೂತರು. ಕುರ್ಚಿ ಕಿರ್ರೆನ್ನಲಿಲ್ಲ. ನೆರೆದ ಜನವೆಲ್ಲ ನಕ್ಕಿತು. ಬೆವರಿದವರು ನಮ್ಮ ಸಾಹೇಬರೊಬ್ಬರೇ.

ಸಪ್ಟೆಂಬರ್ 6ರಂದು ಆಜ್ಞೆ ಹೊರಟಿತು: ಅಧಿಕಾರಿಯ ಕೋಣೆಗೆ ಒಂದು ಮೇಜು, ಆರು ಕುರ್ಚಿ, ಅಷ್ಟೇ, ಬಡಿಗನು ಎಲ್ಲರೆದುರು ಬಡಿದು ನೋಡದೆ ಯಾವ ಹಳೆಯ ಸಾಮಾನನ್ನೂ ತೆಗೆಯಕೂಡದು. ಮಖಮಲ್ಲು ಬಂದ ದಾರಿಯಲ್ಲೇ ಮರಳಿತು. ಹೆಚ್ಚಾದ ಆರು ಕುರ್ಚಿಗಳನ್ನು ಬಬಲೇಶ್ವರದ ಶಾಲೆಗೆ, ಮರಳಿ ಕೆಲಸಕ್ಕೆ ಸೇರಿದ ಯಾಕೂಬನೇ ಬಂಡಿ ಹೊಡೆದುಕೊಂಡು ಒಯ್ದ. ಊರವರು ಹಲಗೆ ಬಾರಿಸಿ ಬರಮಾಡಿಕೊಂಡರು.

ಆದರೆ ಇಂದು, 1949ನೆಯ ಜನವರಿ 10ರವರೆಗೂ, ದಾಖಲೆಯಲ್ಲಿ ‘ಕಳ್ಳ’ ಎಂಬ ಶಬ್ದ ಹಾಗೆಯೇ ಇದೆ. ಅದನ್ನು ಬರೆದ ಸಾಹೇಬರೇ, ನಿಮ್ಮ ಕೈಯಿಂದಲೇ ಅದನ್ನು ಹೊಡೆದುಹಾಕಿ, ಯಾಕೂಬನ ಎದುರಿನಲ್ಲಿ ಸಹಿ ಮಾಡಿರಿ.