ಅಪ್ಪ ಕಾಯ್ದ ಬಿಷಪ್ಪ

ನನ್ನ ತಮ್ಮ ಬಿಷಪ್ಪನಾದ ಸುದ್ದಿ ಉಗಾರ ಖುರ್ದಕ್ಕೆ ಬಂದ ದಿನ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿದ್ದ ಅಪ್ಪ ಗಲ್ಲಿಗೆಲ್ಲ ಪೇಢೆ ಹಂಚಿದ. ಇದೇ ಅಪ್ಪ, ತಮ್ಮ ನಿಪ್ಪಾಣಿಯಲ್ಲಿ ಕಾಲೇಜು ಮುಗಿಸಿ ಪಾದ್ರಿಯಾಗುತ್ತೇನೆಂದಾಗ "ನೌಕ್ರಿ ಹಚ್ಚಾಕ ಸಾಹೇಬರ ಕಾಲ ಹಿಡದೇನಿ, ಹಾಳಾಗಿ ಹೋಗ ಲೇ!" ಎಂದು ಮನೆಯಿಂದ ಹೊರಗೆ ಹಾಕಿದ್ದ. ಅವ್ವ ಕ್ರೈಸ್ತಳು. ಅಪ್ಪ ಅವಳನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ಹೊರಗೇ ಬೀಡಿ ಸೇದುತ್ತ ನಿಲ್ಲುವವ.

ಅವ್ವ ತೀರಿದ ಮೇಲೆ ಏನನ್ನಿಸಿತೋ, ತಾನೇ ಚರ್ಚಿನ ಸಭಾಪಾಲಕರ ಹತ್ತಿರ ಹೋಗಿ ದೀಕ್ಷಾಸ್ನಾನ ಪಡೆದ. ಆದರೆ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಮುಟ್ಟಬೇಕಾದರೆ ದೃಢೀಕರಣವಾಗಬೇಕು. ನಮ್ಮ ಆಂಗ್ಲಿಕನ್ ವಾಡಿಕೆಯಲ್ಲಿ ಅದಕ್ಕೆ ಬಿಷಪ್ಪರೇ ಬಂದು ತಲೆಯ ಮೇಲೆ ಕೈಯಿಡಬೇಕು.

"ಅಥಣಿಗೆ ಹಿಂದಿನ ಬಿಷಪ್ಪರು ಬರಾಕತ್ತಾರ್ರಿ, ಅಲ್ಲೇ ಮಾಡಿಸ್ಕೊಳ್ರಿ" ಅಂದರು ಸಭಾಪಾಲಕರು. ಅಪ್ಪ ಒಪ್ಪಬೇಕಲ್ಲ!

"ಬೈದು ಹೊರಗ ಹಾಕಿದ ಮಗಾ ಅಂವ. ಅವನ ಮುಂದನ ತಲಿ ಬಾಗಸ್ತೇನ್ರಿ" ಎಂದ.

ಎಸ್‌ಟಿಡಿ ಬೂತಿನಿಂದ ತಮ್ಮನಿಗೆ ಫೋನ್ ಮಾಡಿದೆ. ಅವನ ಪುಸ್ತಕಗಳನ್ನು ಆಗಲೇ ದೊಡ್ಡ ದೊಡ್ಡವರು ಹೊಗಳುತ್ತಿದ್ದರು. ಆಗ ಬರೆಯುತ್ತಿದ್ದದ್ದು ಹಳ್ಳಿಯ ಬಡ ಕ್ರೈಸ್ತ ಸಭೆಗಳ ಬಗ್ಗೆ. "ಇದೊಂದ ಮುಗೀಲಿ ಅಕ್ಕಾ, ಕಬ್ಬಿನ ಹಂಗಾಮ ಸರದ ಮ್ಯಾಲೆ ಬರತೇನಿ" ಅಂದ.

ಹಂಗಾಮು ಸರಿಯಿತು. ರಾಯಬಾಗಕ್ಕೆ ಬಂದ, ಚಿಕ್ಕೋಡಿಗೆ ಬಂದ, ಭಾಷಣ ಮಾಡಿ ಹೋದ. ನಮ್ಮಲ್ಲಿಗೆ ಮಾತ್ರ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ! ಮನೆಯವರು ತಾನೇ, ಕಾಯುತ್ತಾರೆ ಎಂದುಕೊಂಡಿರಬೇಕು. ಭೋಜನದ ಭಾನುವಾರ ಎಲ್ಲರೂ ಎದ್ದು ಮುಂದೆ ಹೋಗುವಾಗ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತಿದ್ದ. ನಾನೇ ಹೋಗಿ ಕಿವಿ ಹಿಡಿದು ಆ ಬಿಷಪ್ಪನನ್ನು ಎಳೆದು ತರಬೇಕಿತ್ತು, ತರಲಿಲ್ಲ.

ಮಳೆಗಾಲದಲ್ಲಿ ಅಪ್ಪ ಜ್ವರದಿಂದ ಮಲಗಿದ, ಏಳಲಿಲ್ಲ. ತಮ್ಮ ಬಂದಾಗ ಹೆಣವನ್ನು ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ಬಿಷಪ್ಪರ ನೇರಳೆ ನಿಲುವಂಗಿಯಲ್ಲೇ ಪಕ್ಕದಲ್ಲಿ ಕುಸಿದು, ಎರಡೂ ಕೈಗಳನ್ನು ಅಪ್ಪನ ತಲೆಯ ಮೇಲಿಟ್ಟ. ಈಗ್ಯಾಕ ಬಂದಿ ಎಂದು ಚೀರಬೇಕೆನ್ನಿಸಿತು ನನಗೆ.

"ಅಕ್ಕಾ, ಅಪ್ಪ ನನ್ನ ಮ್ಯಾಲೆ ಸಿಟ್ಟಾಗಿದ್ನೇನ?" ಎಂದು ಕೇಳಿದ.

ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಇಲ್ಲಪಾ" ಅಂದೆ. "ಕಡೀ ಮಾತೂ ನಿಂದ. 'ಅವನ ಪುಸ್ತಕ ಮುಗೀತೇನ ಬೇ?' ಅಂತ ಕೇಳಿದ."