ಬಾರದ ಕಾರಿಗೆ ಬಿಟ್ಟ ಜಾಗ

ನಮ್ಮ ಮನೆಯ ಗೇಟಿನೊಳಗೆ ಒಂದು ಕಾರು ನಿಲ್ಲುವಷ್ಟು ಜಾಗ ಖಾಲಿ ಇದೆ. ಬಸವೇಶ್ವರನಗರದಲ್ಲಿ ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ. ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಕಾರುಗಳೇ ಜಾಸ್ತಿ. ಯಾರಾದರೂ ಗಾಡಿ ತೆಗೆದುಕೊಂಡು ತರಕಾರಿಗೆ ಹೊರಟರೆ, ವಾಪಸು ಬರುವ ತನಕ ಜಾಗ ಹೋಗದಿರಲಿ ಎಂದು ಅಲ್ಲೊಂದು ಹೂಕುಂಡ ಇಟ್ಟು ಹೋಗುತ್ತಾರೆ. ಇಂಥ ಕಡೆ ನಾನು ಅಷ್ಟು ಜಾಗವನ್ನು ಗುಡಿಸಿ, ಒರೆಸಿ, ಬಂದವರು ಚಪ್ಪಲಿ ಕೂಡ ಬಿಡದ ಹಾಗೆ ಕಾಯುತ್ತಿದ್ದೇನೆ. ಎದುರುಮನೆಯ ರುದ್ರಪ್ಪನವರು ತಮ್ಮ ಬಿಳಿ ಕಾರನ್ನು ಅರ್ಧ ಮೋರಿಯ ಮೇಲೆ, ಅರ್ಧ ರಸ್ತೆಯ ಮೇಲೆ ನಿಲ್ಲಿಸಿಕೊಂಡು ಒದ್ದಾಡುವವರು. ಆ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ವಾರಕ್ಕೊಮ್ಮೆಯಾದರೂ ನನಗೆ ನೆನಪು ಮಾಡುತ್ತಾರೆ. ಅದು ಸುಮ್ಮನೆ ಬಿದ್ದಿಲ್ಲ, ಜಪಾನಿನಿಂದ ಬರಬೇಕಾದ ಎರಡು ಸೀಟಿನ ಕೆಂಪು ಕಾರಿನದು ಎಂದು ಅವರಿಗೆ ಯಾವ ಬಾಯಿಂದ ಹೇಳಲಿ?

ನಿಮಗಾದರೆ ಹೇಳಬಹುದು. ನನ್ನದು ಔಷಧಿ ಅಂಗಡಿ. ಮದುವೆಯಾಗಿ ಈ ಏರಿಯಾಗೆ ಬಂದ ಮೇಲೆ ತೆರೆದದ್ದು. ಅಂದಿನಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಅಂಗಡಿ ಶುರುವಾದ ಹೊಸದರಲ್ಲಿ ಬಿಪಿ ಮಾತ್ರೆ ಮಾರುವ ಒಬ್ಬ ರೆಪ್ ಬಂದು ಒಂದು ಕ್ಯಾಲೆಂಡರ್ ಕೊಟ್ಟ. ತಿಂಗಳಿಗೊಂದು ವಿದೇಶಿ ಕಾರು. ಬಿಪಿ ಇಳಿಸುವ ಕಂಪನಿಯವರು ಬಿಪಿ ಏರಿಸುವ ಚಿತ್ರ ಯಾಕೆ ಹಾಕಿದರೋ ಕಾಣೆ. ಅದರ ಆಗಸ್ಟ್ ಪುಟದಲ್ಲಿ ಸಮುದ್ರದ ಪಕ್ಕದ ತಿರುವಿನಲ್ಲಿ ಒಂದು ಕೆಂಪು ಕಾರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಎರಡೇ ಬಾಗಿಲು. ಆ ವರ್ಷ ನಮ್ಮ ಅಂಗಡಿಯಲ್ಲಿ ಡಿಸೆಂಬರ್ ಮುಗಿದರೂ ಆಗಸ್ಟ್ ಮುಗಿಯಲಿಲ್ಲ. ದೀಪಾವಳಿ ಯಾವತ್ತು ಅಂತ ಕ್ಯಾಲೆಂಡರ್ ನೋಡಲು ಬಂದವರಿಗೆ ತುಂಬಾ ತೊಂದರೆಯಾಯಿತು.

ನನಗೆ ವೇಗದ ಹುಚ್ಚಿಲ್ಲ. ಇದ್ದರೂ ಮಾಗಡಿ ರಸ್ತೆ ಅದನ್ನು ಯಾವತ್ತೋ ಇಳಿಸಿಬಿಡುತ್ತಿತ್ತು. ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಹಿಂದೆ ಎಂಥ ಗಾಡಿಯೂ ಒಂದೇ. ನನಗೆ ಬೇಕಾಗಿದ್ದದ್ದು ಬೇರೆ. ದಿನವಿಡೀ ನಾನಿದ್ದಲ್ಲಿಗೆ ಜನ ಬರುತ್ತಾರೆ. ಕೆಮ್ಮುತ್ತಾ ಬರುತ್ತಾರೆ, ಚೀಟಿ ಹಿಡಿದು ಬರುತ್ತಾರೆ, ತೆಗೆದುಕೊಂಡು ಹೋಗುತ್ತಾರೆ. ಹೋಗುವುದು ಯಾವಾಗಲೂ ಅವರೇ. ಒಂದು ಸಲವಾದರೂ ನಾನು ಹೋಗಬೇಕು, ಅವರು ನಿಂತು ನೋಡಬೇಕು. ಅತ್ತೆಯ ಬಿಸಿನೀರಿನ ಫ್ಲಾಸ್ಕಿಗೆ, ನಾದಿನಿಯ ಮಕ್ಕಳಿಗೆ, ಮದುವೆಮನೆಯ ಉಡುಗೊರೆ ಪಾತ್ರೆಗೆ ಜಾಗವೇ ಇಲ್ಲದ ಒಂದು ಗಾಡಿಯಲ್ಲಿ ಕೂತು ಕೆಂಗೇರಿ ದಾಟಿ, ಊರು ಮುಗಿದು ಗಾಳಿ ಶುರುವಾಗುವ ಕಡೆಗೆ ಹೋಗಬೇಕು. ಇಷ್ಟೇ ನನ್ನ ಆಸೆ. ಇಷ್ಟಕ್ಕೆ ಸ್ಕೂಟರ್ ಸಾಲದಾ ಎಂದು ಕೇಳಬೇಡಿ. ಸಾಲದು.

ಅಪ್ಪ ಕೆಂಗೇರಿ ಕಡೆ ನನ್ನ ಹೆಸರಿಗೆ ಬಿಟ್ಟಿದ್ದ ಸೈಟು ಮಾರಿ ಹಣ ಕೈಗೆ ಬಂದಾಗ, ಮನೆಯವರೆಲ್ಲ ಅದಕ್ಕೆ ಒಂದೊಂದು ದಾರಿ ತೋರಿಸಿದರು. ನಾನು ಸೀದಾ ರಾಜಾಜಿನಗರದಲ್ಲಿ ಹೊರದೇಶದ ಕಾರು ತರಿಸಿಕೊಡುವ ಒಬ್ಬ ಏಜೆಂಟನ ಆಫೀಸಿಗೆ ಹೋದೆ. ಹುಡುಗು ಮುಖದ, ಮಿತ ಮಾತಿನ ಮನುಷ್ಯ. ನನ್ನ ಹಿಂದೆ ಗಂಡನೋ ಮಗನೋ ಬರುತ್ತಿರಬಹುದು ಎಂದು ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡಿ, ಯಾರೂ ಬರದಿದ್ದಾಗ ನನಗೇ ಕುರ್ಚಿ ಕೊಟ್ಟ. ನನ್ನ ಆಗಸ್ಟ್ ಕಾರಿನ ಮೊಮ್ಮಗಳಂಥ ಒಂದು ಕಾರು ಜಪಾನಿನಲ್ಲಿ ಸಿಕ್ಕಿತು. ಅಲ್ಲಿಯೂ ನಮ್ಮ ಹಾಗೆ ಸ್ಟೀರಿಂಗ್ ಬಲಕ್ಕೆ. ಬಳಸಿದ ಕಾರಾದರೂ ಪರವಾಗಿಲ್ಲ, ಮೂರು ವರ್ಷ ದಾಟಿರಬಾರದು ಎಂದು ಕಾನೂನು ವಿವರಿಸಿದ. ಸುಂಕದ ವಿಷಯ ಮಾತ್ರ ಕೇಳಬೇಡಿ. ನಾವೊಂದು ಕಾರು ಕೊಂಡು, ಸರ್ಕಾರಕ್ಕೂ ಒಂದು ಕೊಡಿಸಿದ ಹಾಗೆ.

ಈ ಕೊರಗು ಹೊಸದೇನಲ್ಲ ಬಿಡಿ. ನಮ್ಮ ಪಕ್ಕದ ಬಡಾವಣೆಗೆ ತನ್ನ ಹೆಸರು ಬಿಟ್ಟುಕೊಟ್ಟಿರುವ ಹಳೆಯ ವಿಜಯನಗರದ ಅರಸರು ಅರಬರ ಕುದುರೆಗಳನ್ನು ಹಡಗಿನಲ್ಲಿ ತರಿಸುತ್ತಿದ್ದರು. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದರಂತೆ, ಎಲ್ಲೋ ಓದಿದ ನೆನಪು. ಅರಮನೆಯ ಅಂಗಳದಲ್ಲಿ ಬರೀ ಬಾಲ ನೋಡುತ್ತಾ ನಿಂತ ಅರಸನಿಗೆ ಏನನ್ನಿಸಿರಬಹುದು? ಓದಿದಾಗ ನಕ್ಕಿದ್ದೆ. ಈಗ ನಗುವುದಿಲ್ಲ, ಅವನಿಗೆ ಬಾಲವಾದರೂ ಸಿಕ್ಕಿತ್ತು.

ಕಾರಿನ ಫೋಟೋ ಬಂದ ವಾರವೇ ನಾನು ಮನೆ ಒಡೆಸಲು ಶುರು ಮಾಡಿದೆ. ಗೇಟು ಅಗಲವಾಯಿತು. ಸಂಪಿನ ಪಕ್ಕದ ಒಗೆಯುವ ಕಲ್ಲು ಹೋಯಿತು. ವಾಷಿಂಗ್ ಮೆಷಿನ್ ಬಂದ ಮೇಲೂ ಅತ್ತೆ ಆ ಕಲ್ಲಿನ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು, ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೋರಿಯ ಮೇಲಿನ ಚಪ್ಪಡಿ ತೆಗೆಸಿ, ಇಷ್ಟಿಷ್ಟೇ ಏರುವ ಇಳಿಜಾರು ಹಾಕಿಸಿದೆ. ಅಷ್ಟು ತಗ್ಗಿನ ಕಾರು ನಮ್ಮ ರಸ್ತೆಯ ಹಂಪ್ ದಾಟುವುದೇ ಅನುಮಾನ ಎಂದು ಏಜೆಂಟ್ ಬಂದು ನೋಡಿ ಮುಖ ಸಣ್ಣದು ಮಾಡಿದ. ಅಡ್ಡಡ್ಡ ಹತ್ತಿಸಿದರೆ ಆದೀತು, ಪಕ್ಕ ಕೂತವರು ಸ್ವಲ್ಪ ಹೇಳುತ್ತಿರಬೇಕು ಎಂದ.

ನಮ್ಮ ಯಜಮಾನರು ಅಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಕರೆಂಟ್ ಇಲಾಖೆಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ಫ್ಯೂಸ್ ಹೋದ ಮನೆಯ ಹಾಗೆ ಶಾಂತ ಸ್ವಭಾವ. ಕಾರಿನ ವಿಷಯದಲ್ಲಿ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಏಜೆಂಟ್ ಹೋದ ಮೇಲೆ ಪೇಪರಿನ ಹಿಂದಿನಿಂದಲೇ ಕೇಳಿದರು.

"ಎರಡೇ ಸೀಟಾ?"

"ಹೂಂ. ಎರಡೇ."

"ಇನ್ನೊಂದು ಯಾರಿಗೆ?"

ನಾನು ಏನು ಹೇಳಬೇಕಿತ್ತು ಅಂತ ನಿಮಗೂ ಗೊತ್ತು, ಈಗ ನನಗೂ ಗೊತ್ತು. ಆಗ ಮಾತ್ರ ನಗುತ್ತಾ, "ನನ್ನ ಹ್ಯಾಂಡ್‌ಬ್ಯಾಗಿಗೆ" ಅಂದುಬಿಟ್ಟೆ. ಅವರೂ ನಕ್ಕರು. ಪೇಪರ್ ಮಾತ್ರ ಕೆಳಗಿಳಿಸಲಿಲ್ಲ.

ಅದಾಗಿ ನಾಲ್ಕಾರು ದಿನಕ್ಕೆ ಏಜೆಂಟ್ ಫೋನ್ ಮಾಡಿ ಅಡ್ವಾನ್ಸ್ ಕೇಳಿದ. ಆಗ ನಮ್ಮ ಯಜಮಾನರಿಗೆ ಇದ್ದಕ್ಕಿದ್ದಂತೆ ಪಂಚಾಂಗ ಜ್ಞಾಪಕಕ್ಕೆ ಬಂತು. ನಾಳಿದ್ದಿನಿಂದ ಆಷಾಢ, ಆಷಾಢದಲ್ಲಿ ಯಾರಾದರೂ ಗಾಡಿ ತಗೋತಾರಾ, ಒಂದು ತಿಂಗಳು, ಶ್ರಾವಣ ಬರಲಿ ಅಂದರು. ಅವರು ರಾಹುಕಾಲದಲ್ಲೇ ಟ್ರಾನ್ಸ್‌ಫಾರ್ಮರ್ ಆನ್ ಮಾಡಿ ನೌಕರಿ ಮುಗಿಸಿದವರು! ಅತ್ತೆಗೂ ಆಶ್ಚರ್ಯವಾಯಿತು, ಆದರೂ ಮಗನಿಗೆ ಬುದ್ಧಿ ಬಂತೆಂದು ಖುಷಿಪಟ್ಟರು. ಏಜೆಂಟನಿಗೆ ಹೇಳಿದರೆ ಅವನಾದರೂ ಅಡ್ಡ ಬರಬೇಕಲ್ಲ? ಆಷಾಢದಲ್ಲಿ ನಮ್ಮ ಆಫೀಸಿಗೆ ಯಾರೂ ಬರಲ್ಲ ಮೇಡಂ, ಮೂರು ವರ್ಷ ತುಂಬೋಕೆ ಇನ್ನೂ ಟೈಮಿದೆ ಎಂದ. ನನ್ನೊಳಗೂ ಒಂದು ಅಳುಕು ಇಲ್ಲದೆ ಇರಲಿಲ್ಲ. ಇಷ್ಟು ವರ್ಷ ಕಾದ ಕಾರು, ಆಷಾಢದಲ್ಲಿ ತಂದು ಏನಾದರೂ ಆದರೆ ಅನ್ನಿಸಿತು. ಒಂದು ತಿಂಗಳು ತಾನೇ ಎಂದು ಒಪ್ಪಿಕೊಂಡೆ.

ಶ್ರಾವಣದ ಮೊದಲ ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಏಜೆಂಟನ ಮುಂದೆ ಹೋಗಿ ಕೂತೆ. ಅವನು ಎರಡು ಸಲ ಕನ್ನಡಕ ಒರೆಸಿಕೊಂಡ. ಅವನು ವಯಸ್ಸು ಎಣಿಸಿದ್ದು ಜಪಾನಿನಲ್ಲಿ ಕಾರು ಮಾರಾಟವಾದ ದಿನದಿಂದ. ಕಾನೂನು ಎಣಿಸುವುದು ಫ್ಯಾಕ್ಟರಿಯಲ್ಲಿ ತಯಾರಾದ ದಿನದಿಂದ. ಹಡಗು ಇಲ್ಲಿಗೆ ಬರುವ ಹೊತ್ತಿಗೆ ಕಾರಿಗೆ ಮೂರು ವರ್ಷ ದಾಟುತ್ತದೆ. ಆಷಾಢಕ್ಕೆ ಮುಂಚೆ ಹೊರಟಿದ್ದರೆ ಸರಿಹೋಗುತ್ತಿತ್ತು. ನೋಡಿ, ಸ್ಟ್ರಿಪ್ ತಿರುಗಿಸಿ ತಯಾರಿಕೆಯ ತಾರೀಖು ನೋಡದೆ ಒಂದು ಜ್ವರದ ಮಾತ್ರೆಯನ್ನೂ ಮಾರದ ನಾನು, ಜೀವನದಲ್ಲಿ ನನಗೋಸ್ಕರ ಆರಿಸಿದ ಒಂದೇ ಒಂದು ವಸ್ತುವಿನ ತಾರೀಖು ನೋಡಿರಲಿಲ್ಲ.

ಪಾಪ, ಅವನು ನನ್ನ ಮುಖ ನೋಡಲಾರದೆ ಒಂದು ಸಮಾಧಾನ ಹುಡುಕಿದ. ಐವತ್ತು ವರ್ಷ ದಾಟಿದ ಹಳೆಯ ಕಾರುಗಳನ್ನು ತರಿಸಲು ಈಗ ಅವಕಾಶವಿದೆಯಂತೆ. ಅಂದರೆ ಇದೇ ಕಾರನ್ನು ಅದಕ್ಕೆ ಐವತ್ತು ತುಂಬಿದ ಮೇಲೆ ಧಾರಾಳವಾಗಿ ತರಿಸಬಹುದು. ಆಗ ನನಗೆ ನೂರಾಗಿರುತ್ತದೆ. ಮೂರಕ್ಕೂ ಐವತ್ತಕ್ಕೂ ನಡುವೆ ಸಿಕ್ಕಿಕೊಂಡದ್ದಕ್ಕೆ ಬಾಗಿಲೇ ಇಲ್ಲ ಎಂದದ್ದನ್ನು ನೆನೆದು, ಆಟೋದಲ್ಲಿ ಬರುತ್ತಾ ನನಗೆ ಆ ಕಾರಿನ ಮೇಲೆ ಇನ್ನೂ ಪ್ರೀತಿ ಬಂತು. ಹೊಸದಲ್ಲ, ಪುರಾತನವೂ ಅಲ್ಲ, ಎಂಜಿನ್ ಚೆನ್ನಾಗಿದೆ, ಯಾರಿಗೂ ಬೇಡ. ನವರಂಗ್ ಸರ್ಕಲ್ ದಾಟುವ ತನಕ ತಡೆದುಕೊಂಡೆ, ಆಮೇಲೆ ಅತ್ತುಬಿಟ್ಟೆ. ಆಟೋದವನು ಕನ್ನಡಿಯಲ್ಲಿ ನೋಡಿ, ಹಾಡಿನ ಸೌಂಡು ಕಮ್ಮಿ ಮಾಡಿದ.

ಬೇರೆ ಕಾರು ನೋಡೋಣ ಎಂದು ಏಜೆಂಟ್ ಹೇಳುತ್ತಲೇ ಇದ್ದ. ನನಗೆ ಮನಸ್ಸು ಬರಲಿಲ್ಲ. ಯಜಮಾನರಿಗೂ ಸುದ್ದಿ ಹೇಳಿದೆ. ಆವತ್ತಿನಿಂದ ಕಾಫಿ ಅವರೇ ಮಾಡತೊಡಗಿದರು. ಆಷಾಢ ಅವರಿಗೆ ಯಾಕೆ ಜ್ಞಾಪಕಕ್ಕೆ ಬಂತು ಎನ್ನುವುದು ಕಾಫಿ ಕುಡಿಯುತ್ತಾ ಕುಡಿಯುತ್ತಾ ಅರ್ಥವಾಗಿತ್ತು. ಹೆಂಡತಿ ಹೋಗುತ್ತಾಳೆ, ಪಕ್ಕದ ಸೀಟಿನಲ್ಲಿ ಹ್ಯಾಂಡ್‌ಬ್ಯಾಗ್ ಇದೆ ಎಂದರೆ ಯಾವ ಗಂಡಸು ತಾನೇ ಪಂಚಾಂಗ ತೆಗೆಯುವುದಿಲ್ಲ?

ಮೊನ್ನೆ ಆಯುಧಪೂಜೆ. ಅಂಗಡಿಯ ಪೂಜೆ ಮುಗಿಸಿ ಮನೆಗೆ ಬಂದರೆ ನನ್ನ ಸ್ಕೂಟರಿಗೆ ಆಗಲೇ ಹೂವು, ವಿಭೂತಿಯ ಮೂರು ಗೆರೆ ಆಗಿತ್ತು. ಯಜಮಾನರು ಅದರ ಪಕ್ಕದಲ್ಲಿ, ಆ ಖಾಲಿ ಜಾಗದಲ್ಲಿ, ಪಂಚೆ ಎತ್ತಿಕಟ್ಟಿ ಬಗ್ಗಿದ್ದರು. ಚಕ್ರದಡಿ ಇಡುವ ನಿಂಬೆಹಣ್ಣನ್ನು ನೆಲದ ಮೇಲೆ ಒಂದೊಂದೇ ಇಡುತ್ತಿದ್ದರು. ಮುಂದೆ ಎರಡು, ಹಿಂದೆ ಎರಡು. ಮಧ್ಯೆ ಇರಬೇಕಾದ ಕಾರು ಒಂದು ಬಿಟ್ಟು ಎಲ್ಲ ಸರಿಯಾಗಿತ್ತು. ಕೈಯಲ್ಲಿ ಅಳತೆ ಟೇಪ್ ಬೇರೆ.

"ಹಿಂದಿನ ಚಕ್ರ ಇನ್ನೊಂಚೂರು ಹಿಂದಕ್ಕೆ ಬರತ್ತಲ್ವೇನೇ?" ಎಂದರು, ನನ್ನ ಕಡೆ ತಿರುಗದೆ.

ಹೂಂ ಅಂದೆ. ಸರಿಸಿದರು. ಅಷ್ಟು ಹೊತ್ತಿಗೆ ಗೇಟಿನ ಆಚೆ ರುದ್ರಪ್ಪನವರು, ಬಾಳೆಕಂದು ಕಟ್ಟಿದ ತಮ್ಮ ಬಿಳಿ ಕಾರಿನ ಕೀ ಹಿಡಿದು ಬಂದರು. ಹಬ್ಬಕ್ಕೆ ಬೀಗರು ಬರುತ್ತಿದ್ದಾರಂತೆ, ಅವರ ಗಾಡಿಗೆ ರಸ್ತೆಯಲ್ಲಿ ಜಾಗ ಬಿಡಬೇಕಂತೆ, ತಮ್ಮದನ್ನು ಇವತ್ತೊಂದು ದಿನ ನಮ್ಮ ಗೇಟಿನೊಳಗೆ ಹಾಕಬಹುದೇ ಎಂದು ಕೇಳಿದರು. ನಮ್ಮ ಯಜಮಾನರಿಗೆ ಇಲ್ಲ ಎನ್ನಲು ಬರುವುದಿಲ್ಲ, ಇಡೀ ರಸ್ತೆಗೆ ಗೊತ್ತು. ಅವರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂಬೆಹಣ್ಣುಗಳ ನಡುವಿನ ಬರಿ ನೆಲವನ್ನೊಮ್ಮೆ ನೋಡಿದರು.

"ಜಾಗ ಇಲ್ಲ ಸಾರ್" ಎಂದರು.

ರುದ್ರಪ್ಪನವರು ನೆಲ ನೋಡಿ, ನಮ್ಮನ್ನು ನೋಡಿ, ನಿಧಾನಕ್ಕೆ ವಾಪಸು ಹೋದರು. ನಾನು ಹೋಗಿ ಬಲಗಡೆ, ಸ್ಟೀರಿಂಗ್ ಇರಬೇಕಾದ ಕಡೆ ನಿಂತೆ. ಯಾಕೆ ನಿಂತೆನೋ, ಕಾಲು ತಾನಾಗಿ ಅತ್ತ ಹೋಯಿತು. ಇವರು ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡು, ಸ್ವಲ್ಪ ಅನುಮಾನಿಸಿ, ಬಂದು ನನ್ನ ಎಡಗಡೆ ನಿಂತರು. ನಾನು ಹ್ಯಾಂಡ್‌ಬ್ಯಾಗನ್ನು ಆ ಭುಜದಿಂದ ಈ ಭುಜಕ್ಕೆ ಬದಲಾಯಿಸಿ ಜಾಗ ಮಾಡಿಕೊಟ್ಟೆ. ಇಬ್ಬರೂ ಗೇಟಿನಾಚೆಯ ರಸ್ತೆಯನ್ನೇ ನೋಡುತ್ತಿದ್ದೆವು.

"ಮುಂದೆ ಹಂಪ್ ಇದೆ ಕಣೇ, ನಿಧಾನ" ಎಂದರು.

ನಾನು ನಿಧಾನ ಮಾಡಿದೆ.