ಗ್ರಹಣಕ್ಕೆ ಹುಡುಕಿದ ಗಾಜು

ನಮ್ಮವರು ನನ್ನನ್ನು ನೋಡಲು ಬಂದ ದಿನ ನಾನು ಕಾಫಿ ಲೋಟ ಹಿಡಿದು ನಡುಮನೆಗೆ ಬಂದರೆ, ಎದುರಿಗೆ ಕೂತಿದ್ದವರು ತಲೆ ಎತ್ತಿ ನನಗೆ ಕಣ್ಣು ಹೊಡೆದರು. ಸುತ್ತ ಹಿರಿಯರೆಲ್ಲ ಕೂತಿದ್ದಾರೆ, ನಡುವೆ ಹೀಗೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಇಂಥ ಗಂಡಸರ ಬಗ್ಗೆ ಸಿಸ್ಟರುಗಳು ಸಾಕಷ್ಟು ಎಚ್ಚರಿಸಿ ಕಳಿಸಿದ್ದರು. ಒಳಗೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿದೆ. ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು, ಅವರಿಗೆ ಬಲಗಣ್ಣು ಕಾಣುವುದಿಲ್ಲ ಕಣೇ, ಏನನ್ನಾದರೂ ಸರಿಯಾಗಿ ನೋಡಬೇಕಾದರೆ ಅದನ್ನು ಮುಚ್ಚಿಕೊಳ್ಳುತ್ತಾರಂತೆ, ಎಂದರು. ನನ್ನನ್ನು ಸರಿಯಾಗಿ ನೋಡಬೇಕು ಅನ್ನಿಸಿತಲ್ಲ ಎಂದು ನನಗೆ ಅವರು ಅಲ್ಲೇ ಇಷ್ಟವಾಗಿಬಿಟ್ಟರು.

ಆ ಕಣ್ಣು ಹೋದದ್ದು ಚಿಕ್ಕಂದಿನಲ್ಲಿ, ಚಿನ್ನಿದಾಂಡು ಆಡುವಾಗ. ಚಿನ್ನಿ ಹಾರಿ ಬಂದು ಬಡಿದಾಗ ನಮ್ಮತ್ತೆ ಒಳಗೆ ರೊಟ್ಟಿ ತಟ್ಟುತ್ತಿದ್ದರಂತೆ. ಕೂಗು ಕೇಳಿದರೂ, ಹುಡುಗರು ಕೂಗುತ್ತಲೇ ಇರುತ್ತಾರೆ ಎಂದು ಕಾವಲಿಯ ಮೇಲಿದ್ದ ರೊಟ್ಟಿಯನ್ನು ಬೇಯಿಸಿಯೇ ಎದ್ದರಂತೆ. ಆ ರೊಟ್ಟಿಯ ವಿಷಯ ಅತ್ತೆ ನನಗೆ ಒಂದೇ ಒಂದು ಸಲ ಹೇಳಿದ್ದರು. ಮತ್ತೆ ನಾನೂ ಕೇಳಲಿಲ್ಲ.

ಉಳಿದ ಎಡಗಣ್ಣೇ ನಮ್ಮ ಮನೆ ನಡೆಸುತ್ತಿತ್ತು ಅನ್ನಬೇಕು. ಇವರು ದಂಡಿನ, ಅಂದರೆ ಕಂಟೋನ್ಮೆಂಟಿನ, ಎಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಕೂದಲೆಳೆಯಷ್ಟು ಸಣ್ಣ ಗೆರೆಗಳು. ಸಂಜೆ ಮನೆಗೆ ಬಂದರೆ ಬೆರಳ ತುದಿಯಲ್ಲಿ ಕಪ್ಪು ಶಾಯಿ, ಮೂಗಿನ ಮೇಲೆ ಕನ್ನಡಕದ ಕೆಂಪು ಗುರುತು. ನಾವು ಹಲಸೂರಿನಲ್ಲಿ, ಕೆರೆಯಿಂದ ಸ್ವಲ್ಪ ಒಳಗೆ, ಹಂಚಿನ ಮನೆಯೊಂದರಲ್ಲಿ ಇದ್ದೆವು. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ದಂಡಿನ ತುಂಬ ಸೋಲ್ಜರುಗಳು. ರೆಜಿಮೆಂಟು ಬೇರೆ ಕಡೆಗೆ ಹೊರಟಿತೆಂದರೆ ಅವರ ಸಾಮಾನೆಲ್ಲ ಗುಜರಿ ಅಂಗಡಿಗೆ ಬರುತ್ತಿತ್ತು. ಹಾಗೆ ಬಂದದ್ದೇ ಇವರ ಕ್ಯಾಮರಾ. ಮಡಚಿದರೆ ಎಲೆ ಅಡಿಕೆ ಪೆಟ್ಟಿಗೆಯಂತೆ ಆಗುವ, ತೆರೆದರೆ ಕಪ್ಪು ಚರ್ಮದ ತಿದಿ ಹೊರಗೆ ಬರುವ ಹಳೆಯ ಕ್ಯಾಮರಾ. ಫಿಲಂ ಸಿಗುವುದೇ ಕಷ್ಟವಾಗಿದ್ದ ಕಾಲ. ಸ್ಟುಡಿಯೋದವರೊಬ್ಬರು ಹೇಗೋ ಒಂದು ಸುರುಳಿ ಕೊಟ್ಟಿದ್ದರು. ಅದನ್ನು ಇವರು ಹಬ್ಬದ ತುಪ್ಪದ ಹಾಗೆ ಜೋಪಾನ ಮಾಡಿದ್ದರು.

ಸೂರ್ಯಗ್ರಹಣ ಬರುತ್ತದೆ ಎಂದು ಪತ್ರಿಕೆಯಲ್ಲಿ ಓದಿದ ದಿನವೇ ಆ ಸುರುಳಿ ಯಾತಕ್ಕೆ ಎಂದು ತೀರ್ಮಾನವಾಗಿಹೋಯಿತು. ಗ್ರಹಣ ಬಿದ್ದದ್ದು ಆಷಾಢದ ಅಮಾವಾಸ್ಯೆಗೆ. ಅಂದರೆ ಭೀಮನ ಅಮಾವಾಸ್ಯೆಗೆ, ಗಂಡನಿಗೆ ಒಳ್ಳೆಯದಾಗಲಿ ಎಂದು ಹೆಂಡತಿ ಅವನ ಪಾದಪೂಜೆ ಮಾಡುವ ದಿನಕ್ಕೇ. ಆ ದಿನ ನನ್ನ ಗಂಡ ಇರುವ ಒಂದು ಕಣ್ಣನ್ನು ಸೂರ್ಯನಿಗೆ ಕೊಡಲು ಹೊರಟಿದ್ದರು. ಅದರ ಮೇಲೆ ನಾನು ಚೊಚ್ಚಲ ಬಸುರಿ. ಗ್ರಹಣ ಹಿಡಿಯುವುದರಿಂದ ಬಿಡುವ ತನಕ ನಾನು ಬಾಗಿಲು ಹಾಕಿದ ಕೋಣೆಯಲ್ಲಿ ಮಿಸುಕಾಡದೆ ಮಲಗಿರಬೇಕು, ಸೂಜಿ ಕತ್ತರಿ ಮುಟ್ಟಬಾರದು ಎಂದು ಅತ್ತೆ ಹದಿನೈದು ದಿನ ಮುಂಚೆಯೇ ಹೇಳಿಬಿಟ್ಟಿದ್ದರು.

ನಾನು ಇವರಿಗೆ ಫೋಟೋ ಬೇಡ ಅನ್ನಲಿಲ್ಲ. ಅಷ್ಟು ಆಸೆಪಟ್ಟವರಿಗೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಂದೇ ಮಾತು ಹೇಳಿದೆ.

“ನಾನು ಒಳಗೆ ಮಲಗಿರ್ತೀನಿ. ನಿಮ್ಮ ಕಣ್ಣು ಕಾಯೋಕೆ ಹೊರಗೆ ಯಾರೂ ಇರಲ್ಲ. ಅದಕ್ಕೇ ಗಾಜು ನಾನು ಆರಿಸ್ತೀನಿ.”

ಆಗಲಿ ಮಾರಾಯ್ತಿ ಎಂದು ಒಪ್ಪಿಕೊಂಡರು.

ಮೊದಲು ಸೌತ್ ಪೆರೇಡಿನ ಕ್ಯಾಮರಾ ಅಂಗಡಿಗೆ ಹೋದೆವು. ಅಲ್ಲಿದ್ದವರು ವೆಲ್ವೆಟ್ ಹಾಸಿದ ಡಬ್ಬಿ ತೆರೆದು ಹಳದಿ, ಕೆಂಪು ಗಾಜುಗಳನ್ನು ತೋರಿಸಿದರು. ಕ್ಯಾಮರಾಕ್ಕಿಂತ ಅವೇ ದುಬಾರಿ. ಕೆಂಪು ಗಾಜನ್ನು ಎತ್ತಿ ಬಾಗಿಲ ಕಡೆ ನೋಡಿದೆ. ಬೀದಿಯ ಕುದುರೆ, ಜಟಕಾ, ಎದುರಂಗಡಿಯ ಬೋರ್ಡಿನ ಅಕ್ಷರ ಎಲ್ಲ ಚೆನ್ನಾಗಿ ಕಂಡವು. ಫೋಟೋದಲ್ಲಿ ಮೋಡ ಚೆನ್ನಾಗಿ ಬರುತ್ತೆ ಮೇಡಂ, ಎಂದರು ಅಂಗಡಿಯವರು. ಸೂರ್ಯನಿಗೆ ಆಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಆಗುತ್ತದೆ ಅನ್ನಲಿಲ್ಲ, ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಡಬ್ಬಿ ಮುಚ್ಚಿ ಬಂದೆವು.

ಮನೆಗೆ ಬಂದು ಇವರು ಎಲ್ಲರೂ ಮಾಡುವುದನ್ನೇ ಮಾಡಿದರು. ಒಡೆದ ಪಟದ ಗಾಜಿನ ತುಂಡನ್ನು ಸೀಮೆಎಣ್ಣೆ ದೀಪದ ಮೇಲೆ ಹಿಡಿದು ಮಸಿ ಹಿಡಿಸಿದರು. ಊರಿಗೆ ಊರೇ ಹೀಗೆ ನೋಡುತ್ತೆ, ಕಾಸು ಖರ್ಚಿಲ್ಲ, ಎಂದು ಅವರ ವಾದ. ನಾನು ಆ ಗಾಜನ್ನು ದೀಪದ ಎದುರಿಗೆ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಕಡೆ ಡಾಂಬರಿನಷ್ಟು ಕಪ್ಪು, ಇನ್ನೊಂದು ಕಡೆ ಟೀ ಡಿಕಾಕ್ಷನ್ನಿನಷ್ಟು. ಅವರ ಹೆಬ್ಬೆರಳು ತಾಗಿದ ಕಡೆ ಹೆಬ್ಬೆರಳಿನದೇ ಆಕಾರದ ಕಿಟಕಿ.

ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಒಮ್ಮೆ ಅಂಗಳದಲ್ಲಿ ಭೂತಗನ್ನಡಿ ಹಿಡಿದು ಒಣಗಿದ ಎಲೆಗೆ ತೂತು ಸುಟ್ಟು ತೋರಿಸಿದ್ದರು. ನಿಮ್ಮ ಕಣ್ಣಿನೊಳಗೂ ಇಂಥದೇ ಒಂದಿದೆ ಮಕ್ಕಳೇ, ಆದರೆ ಕಣ್ಣಿನ ಹಿಂದಿನ ಪರದೆ ಸುಟ್ಟರೆ ನೋವೇ ಆಗುವುದಿಲ್ಲ, ಎಷ್ಟೋ ಸಲ ಮಾರನೆಯ ದಿನ ಬೆಳಿಗ್ಗೆ ಎದ್ದಾಗಲೇ ಗೊತ್ತಾಗುವುದು, ಎಂದಿದ್ದರು. ಆ ಎಲೆಯ ಹೊಗೆಯ ವಾಸನೆ ಮಸಿಗಾಜು ಹಿಡಿದು ನಿಂತ ನನ್ನ ಮೂಗಿಗೆ ಬಂದಂತಾಯಿತು. ಗಾಜನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಇಟ್ಟುಬಿಟ್ಟೆ.

ಆಮೇಲೆ ನಮ್ಮ ಬೀದಿಯ ಕೊನೆಯಲ್ಲಿದ್ದ ಆಸ್ಪತ್ರೆಯ ನರ್ಸಮ್ಮ ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ಕೊಟ್ಟರು. ಬಿಟ್ಟಿ. ಯಾರದೋ ಎದೆಗೂಡು. ಪಕ್ಕೆಲುಬಿನ ಕಡೆ ತೆಳು, ಆಚೀಚೆ ಕಪ್ಪು. ಪರರ ಎಲುಬಿನ ಸಂದಿಯಿಂದ ಸೂರ್ಯನಾರಾಯಣನನ್ನು ನೋಡ್ತೀಯೇನೋ, ಅದನ್ನು ದೇವರ ಮನೆ ಕಡೆ ತರಬೇಡ ಎಂದು ಅತ್ತೆ ಗದರಿದರು. ಕಪ್ಪು ಒಂದೇ ಸಮ ಇಲ್ಲದ್ದು ನನಗೆ ಮೊದಲೇ ಬೇಡವಾಗಿತ್ತು. ಈ ಒಂದು ಸಲ ಅತ್ತೆ ಸೊಸೆ ಒಂದೇ ಪಕ್ಷ.

ಕೊನೆಗೆ ಸಿಕ್ಕಿದ್ದು ಶಿವಾಜಿನಗರದಲ್ಲಿ. ಆಗ ಅದನ್ನು ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ಮಾರ್ಕೆಟ್ಟಿನ ಹಿಂದೆ ಲಾರಿ, ಬಸ್ಸುಗಳಿಗೆ ವೆಲ್ಡಿಂಗ್ ಮಾಡುವ ಸಾಬರೊಬ್ಬರು ಇವರಿಗೆ ಗುರುತಿನವರು. ವಿಷಯ ಕೇಳಿ, “ಏನ್ ಸಾರ್, ಸೂರಜ್‌ಗೇ ಬೆಸುಗೆ ಹಾಕ್ತೀರಾ?” ಎಂದು ನಕ್ಕರಂತೆ. ಎರಡು ಗಾಜು ಕೊಟ್ಟು, ಯಾವುದು ಬೇಕೋ ಇಟ್ಕೊಳ್ಳಿ, ಕೆಲಸ ಆದ ಮೇಲೆ ವಾಪಸ್ ಕೊಡಿ, ಎಂದರಂತೆ. ಒಂದು ಹಸಿರು, ಗ್ಯಾಸಿನ ಬೆಸುಗೆಯದು. ಇನ್ನೊಂದು ಕರೆಂಟಿನ ಬೆಸುಗೆಯದು, ಶಾಲೆಯ ಹಲಗೆಯಷ್ಟು ಕಪ್ಪು.

ಹಸಿರು ಗಾಜಿನಲ್ಲಿ ಒಲೆಯ ಉರಿ ಕಂಡಿತು, ನನ್ನ ಬಳೆಯೂ ಕಂಡಿತು. ನನ್ನ ಬಳೆ ಕಾಣುವ ಗಾಜಿನಲ್ಲಿ ಸೂರ್ಯ ಎಷ್ಟು ಕಾಣಬೇಡ ಎಂದು ಅದನ್ನು ಪಕ್ಕಕ್ಕಿಟ್ಟೆ. ಕಪ್ಪು ಗಾಜಿನಲ್ಲಿ ಒಲೆ ಇಲ್ಲ, ದೀಪ ಇಲ್ಲ, ಮಧ್ಯಾಹ್ನದ ಹಿತ್ತಲೂ ಇಲ್ಲ. ಗೀರು, ಬಿರುಕು ಇದೆಯೇ ಎಂದು ಅಕ್ಕಿ ಆರಿಸುವ ಹಾಗೆ ಮೂಲೆ ಮೂಲೆ ಹುಡುಕಿದೆ. ಇರಲಿಲ್ಲ. ಇನ್ನು ಸೂರ್ಯನನ್ನು ನೋಡುವುದೊಂದು ಬಾಕಿ. ಇವರು ಕೈ ಚಾಚಿದರು. ನಾನು ಕೊಡಲಿಲ್ಲ.

“ನಾನು ಮೊದಲು ನೋಡ್ತೀನಿ. ನಿಮಗಿರೋದು ಒಂದು, ನನಗೆ ಎರಡಿವೆ.”

ಇವರ ಮುಖ ಚಿಕ್ಕದಾಯಿತು. ಗಾಜನ್ನು ಮುಖಕ್ಕೆ ಮುಚ್ಚಿಕೊಂಡು ಆಮೇಲೆ ತಲೆ ಎತ್ತಿದೆ. ಕತ್ತಲೆಯ ನಡುವೆ ತಣ್ಣಗೆ ಕೂತಿದ್ದ ಸಣ್ಣ ಹಸಿರು ಬಿಲ್ಲೆ. ಒಂದು ಉಸಿರಿನಷ್ಟು ಹೊತ್ತು, ಸಾಕು. ಮಾರನೆಯ ಬೆಳಿಗ್ಗೆ ನನ್ನ ಕಣ್ಣಿಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವರ ಕೈಗೆ ಕೊಟ್ಟದ್ದು.

ಶಾಲೆಗೆ ಜಡೆ ಕಟ್ಟುತ್ತಿದ್ದ ನನ್ನ ನೀಲಿ ರಿಬ್ಬನ್ನಿನಿಂದ ಗಾಜನ್ನು ಕ್ಯಾಮರಾದ ಮುಂದೆ ಬಿಗಿಯಾಗಿ ಕಟ್ಟಿದ್ದಾಯಿತು. ಇವರು ಖುಷಿಯಾಗಿ ಅದನ್ನು ಹಿತ್ತಲಿನಲ್ಲಿ ಎತ್ತಿ ಹಿಡಿದು ಅಭ್ಯಾಸ ಶುರುಮಾಡಿದರು. ನಾನು ಕೊತ್ತಂಬರಿ ಸೋಸುತ್ತ ಕೂತಿದ್ದವಳು ನೋಡುತ್ತೇನೆ, ಬಲಗಣ್ಣು ಮುಚ್ಚಿ ಎಡಗಣ್ಣನ್ನು ಕ್ಯಾಮರಾದ ಮೂಲೆಯಲ್ಲಿದ್ದ ಪುಟ್ಟ ಕಿಂಡಿಗೆ ಒತ್ತಿಕೊಂಡಿದ್ದಾರೆ. ಚಿತ್ರ ಎಲ್ಲಿ ಬರುತ್ತದೆಂದು ನೋಡಿಕೊಳ್ಳುವ ಕಿಂಡಿ ಅದು. ಅದರ ಮುಂದೆ ಏನೂ ಇಲ್ಲ. ಅಂಗಡಿ ಅಂಗಡಿ ತಿರುಗಿ, ಮಸಿ ತೊಳೆದು, ಎಲುಬು ನೋಡಿ, ನಾವು ಇಬ್ಬರೂ ಯೋಚನೆ ಮಾಡಿದ್ದೆಲ್ಲ ಕ್ಯಾಮರಾದ ಬಗ್ಗೆ.

“ರೀ, ಗಾಜು ಕಟ್ಟಿರೋದು ಕ್ಯಾಮರಾದ ಕಣ್ಣಿಗೆ. ನಿಮ್ಮ ಕಣ್ಣಿಗೇನು ಕಟ್ಟಿದ್ದೀರಿ?”

ಇವರು ಕ್ಯಾಮರಾ ಇಳಿಸಿ ಅದನ್ನೇ ನೋಡುತ್ತ ನಿಂತರು. ಕಪ್ಪು ಗಾಜು ಇದ್ದದ್ದು ಒಂದೇ, ಅದೂ ವಾಪಸು ಕೊಡಬೇಕಾದದ್ದು; ಕತ್ತರಿಸುವ ಹಾಗಿಲ್ಲ. ನಾನು ಎದ್ದು ಹೋಗಿ ಮೈದಾ ಗೋಂದು ಕಲಸಿ, ಕಪ್ಪು ಕಾಗದ ತಂದು ಆ ಕಿಂಡಿಗೆ ಅಂಟಿಸಿಯೇಬಿಟ್ಟೆ. ಈಗ ಗುರಿ ಹಿಡಿಯೋದು ಹೇಗೆ, ಕುರುಡನ ಹಾಗೆ ಹೊಡೀಲಾ, ಎಂದು ಇವರಿಗೆ ನಿಜವಾಗಿಯೂ ಬೇಜಾರಾಯಿತು. ಆ ಸಂಜೆ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಎರಡು ದಿನ ನನಗೂ ಏನೂ ಹೊಳೆಯಲಿಲ್ಲ. ಮೂರನೆಯ ದಿನ ಊದುಗೊಳವೆಯೊಳಗೆ ಮಸಿ ಕಟ್ಟಿಕೊಂಡಿತ್ತು. ಹಿತ್ತಲಿನಲ್ಲಿ ತೊಳೆದು, ನೀರು ಬಸಿಯಲು ಕೈಯಲ್ಲಿ ಓರೆಯಾಗಿ ಹಿಡಿದಿದ್ದೆ. ಕಲ್ಲುಚಪ್ಪಡಿಯ ಮೇಲೆ ಅದರ ಉದ್ದ ನೆರಳು. ಕೈ ಸ್ವಲ್ಪ ಹೊರಳಿತು, ನೆರಳು ಮೊಂಡಾಯಿತು. ಇನ್ನೂ ಹೊರಳಿಸಿದೆ, ಬರಿಯ ಬಳೆಯಾಯಿತು, ಬಳೆಯ ನಡುವೆ ಬೆಳಕಿನ ಕಾಸು. ಕೊಳವೆ ನೇರ ಸೂರ್ಯನ ಕಡೆಗೆ ತಿರುಗಿತ್ತು. ನಾನು ನೋಡುತ್ತಿದ್ದದ್ದು ನೆಲವನ್ನು.

ನೆಲದ ಮೇಲೆ ನೆರಳು ಬಳೆಯಾದರೆ ಕ್ಯಾಮರಾ ಸೂರ್ಯನ ಕಡೆಗೇ ಇದೆ ಎಂದರ್ಥ ಎಂದು ಸಂಜೆ ಹೇಳಿದ್ದೇ ತಡ, ಇವರು ಶರಟು ಕಳಚದೆ ಊದುಗೊಳವೆಯನ್ನು ಕ್ಯಾಮರಾದ ಪಕ್ಕಕ್ಕೆ, ಸ್ವಲ್ಪ ಹೊರಚಾಚಿ, ದಾರ ಸುತ್ತಿ ಕಟ್ಟಿದರು. ನಕ್ಷೆಯವರಲ್ಲವೆ, ಎರಡೂ ಒಂದೇ ದಿಕ್ಕಿಗೆ ಇವೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿದರು. ಕ್ಯಾಮರಾ ಮೇಲಕ್ಕೆ ಮುಖ ಮಾಡಿ ನಿಲ್ಲಲು ಕೆಳಗೆ ಅರ್ಧ ಚೀಲ ರಾಗಿ; ಹೇಗೆ ಒತ್ತಿದರೆ ಹಾಗೆ ಕೂರುತ್ತಿತ್ತು. ಒಲೆ ಊದೋದಕ್ಕೆ ನನಗೇನು ಕೊಡ್ತೀರಿ ಎಂದು ಅತ್ತೆ ಕೇಳಿದರು. ಗ್ರಹಣದ ದಿನ ಹೇಗೂ ಒಲೆ ಹಚ್ಚಲ್ವಲ್ಲಮ್ಮ ಎಂದರು ಇವರು.

ಆ ದಿನ ಬೆಳಿಗ್ಗೆ ಆಷಾಢದ ಮೋಡ. ನನ್ನನ್ನು ಕೋಣೆಗೆ ಸೇರಿಸಿ, ಕಿಟಕಿಗೆ ಕಂಬಳಿ ಹಾಕಿ, ಅತ್ತೆ ಜಪಮಣಿ ಹಿಡಿದು ಪಕ್ಕದಲ್ಲಿ ಕೂತರು. ಗೋಡೆಯಾಚೆಯೇ ಹಿತ್ತಲು, ಮಾತೆಲ್ಲ ಕೇಳುತ್ತಿತ್ತು. ಪಕ್ಕದ ಮನೆಯ ತಮಿಳು ಮೇಷ್ಟ್ರು ಕಾಂಪೌಂಡಿನ ಆಚೆ ಬಂದು ನಿಂತದ್ದು, ಇವರು ರಾಗಿ ಚೀಲ ಎಳೆದದ್ದು, ಒಮ್ಮೆ ಶಟರ್ ಟಕ್ ಎಂದದ್ದು. ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಮೋಡ ಮುಚ್ಚಿದರೆ ನೆರಳು ಬೀಳುವುದಿಲ್ಲ, ನೆರಳಿಲ್ಲದೆ ಊದುಗೊಳವೆ ಬರಿಯ ಊದುಗೊಳವೆ. ಇದು ನನಗೆ ಹೊಳೆದದ್ದು ಅಲ್ಲಿ, ಆ ಕತ್ತಲೆಯಲ್ಲಿ ಮಲಗಿದ್ದಾಗ.

ಆಗಲೇ ಮೇಷ್ಟ್ರ ದನಿ ಕೇಳಿತು. “ಸಾರ್, ಮೋಡದಲ್ಲಿ ಚಂದ್ರನ ಥರಾ ತಣ್ಣಗಿದ್ದಾನೆ. ಬರಿಗಣ್ಣಲ್ಲೇ ಕಾಣ್ತಾನೆ, ಸುಮ್ನೆ ತಲೆ ಎತ್ತಿ ನೋಡಿ.”

ನಾನು ಎದ್ದು ಕೂತೆ. ಮೋಡ ಯಾವ ಗಳಿಗೆಯಲ್ಲಿ ಹರಿಯುತ್ತದೆಂದು ಯಾರು ಬಲ್ಲರು. ಅತ್ತೆ ನನ್ನ ಭುಜ ಹಿಡಿದು ಮತ್ತೆ ಮಲಗಿಸಿದರು. ಜಪಮಣಿಯನ್ನು ನನ್ನ ಕೈಗೆ ತುರುಕಿದರು.

“ನೀನು ಏಳಬೇಡ. ನಾನು ಹೋಗ್ತೀನಿ.”

ಗ್ರಹಣದಲ್ಲಿ ಹೊಸ್ತಿಲು ದಾಟದ ಹೆಂಗಸು, ಸೆರಗನ್ನು ತಲೆ ತುಂಬ ಹೊದ್ದು ಬಾಗಿಲು ತೆರೆದು ಹೊರಟುಹೋದರು. ಗೋಡೆಯಾಚೆ ಅವರ ದನಿ ಕೇಳಿತು, ಕೂಗಲಿಲ್ಲ, ಚಿಕ್ಕ ಹುಡುಗನಿಗೆ ಹೇಳುವ ಹಾಗೆ.

“ಕೆಳಗೆ ನೋಡೋ. ನೆರಳು ಬರೋ ತನಕ ನೆಲ ನೋಡ್ಕೊಂಡು ಕೂತಿರು. ನಾನು ಇಲ್ಲೇ ಇರ್ತೀನಿ.”

ಇವರು ಆಮೇಲೆ ಹೇಳಿದರು: ಅತ್ತೆ ತಮ್ಮ ಸೆರಗನ್ನೇ ಇವರ ತಲೆಯ ಮೇಲೂ ಹೊದಿಸಿ, ಎಣ್ಣೆಸ್ನಾನಕ್ಕೆ ಕೂರಿಸಿದ ಹಾಗೆ ಕುತ್ತಿಗೆ ಬಗ್ಗಿಸಿ ಹಿಡಿದಿದ್ದರಂತೆ. ಮೇಷ್ಟ್ರು ನಗುತ್ತಿದ್ದರಂತೆ. ಅವರನ್ನೂ ಬಿಡದೆ, ನೀವೂ ತಲೆ ಬಗ್ಗಿಸಿ ಮೇಷ್ಟ್ರೇ, ನಿಮ್ಮ ಅಮ್ಮ ಇದ್ದಿದ್ದರೆ ಇದನ್ನೇ ಹೇಳ್ತಿದ್ದರು, ಎಂದರಂತೆ. ನನಗೆ ಕೇಳಿದ್ದು ಮಾತ್ರ ಇಷ್ಟು: ಬಹಳ ಹೊತ್ತಾದ ಮೇಲೆ ಅತ್ತೆಯ “ಬಂತು ನೋಡು, ಬಳೆ” ಎನ್ನುವ ಮಾತು, ಟಕ್. ಇನ್ನೊಂದು ಟಕ್.

ಗ್ರಹಣ ಬಿಟ್ಟ ಮೇಲೆ ಎಲ್ಲರೂ ಸ್ನಾನ ಮಾಡಿದೆವು, ನಾನು ಪಾದಪೂಜೆಗೆ ಕೂತೆ. ಪಾದ ತೊಳೆದು, ಅರಿಸಿನ ಕುಂಕುಮ ಇಟ್ಟು, ಒಂಬತ್ತು ಗಂಟಿನ ದಾರವನ್ನು ಇವರ ಮುಂದೆ ಹಿಡಿದು ಗಂಟು ಎಷ್ಟಿವೆ ಹೇಳಿ ಎಂದೆ. ಒಂಬತ್ತು ಎಂದರು. ಅದು ನೋಡದವರಿಗೂ ಗೊತ್ತು, ನೋಡಿ ಹೇಳಿ, ಎಂದೆ. ಪೂಜೆ ಮಾಡ್ತೀಯೋ ಪರೀಕ್ಷೆ ಮಾಡ್ತೀಯೋ ಎಂದು ನಕ್ಕರು. ಸಿಸ್ಟರ್ ಹೇಳಿದ್ದ ಮಾರನೆಯ ಬೆಳಗು ಇನ್ನೂ ಬರಬೇಕಿತ್ತಲ್ಲ, ನನಗೆ ನಗು ಬರಲಿಲ್ಲ.

ಬೆಳಗಾಯಿತು. ಇವರಿನ್ನೂ ಹಾಸಿಗೆಯಲ್ಲಿ ಕೂತಿರುವಾಗಲೇ ಹೊಲಿಗೆಯ ಡಬ್ಬಿಯಿಂದ ಅತಿ ಸಣ್ಣ ಸೂಜಿ, ಬಿಳಿ ದಾರ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಅತ್ತೆ ಕಾಫಿ ಸೋಸುವುದನ್ನು ಬಿಟ್ಟು ಬಾಗಿಲಲ್ಲಿ ಬಂದು ನಿಂತರು. ಒಲೆಯ ಮೇಲೆ ಹಾಲು ಇಟ್ಟಿದ್ದರು. ಅದು ಉಕ್ಕುವ ಸದ್ದು ನನಗೆ ಕೇಳಿತು, ಅವರಿಗೂ ಕೇಳಿರಬೇಕು. ಅವರು ಅಲ್ಲಾಡಲಿಲ್ಲ.

ಫಿಲಂ ತೊಳೆದು ಬಂದಾಗ ನೋಡಿದರೆ ಕಪ್ಪು ಕಾಗದದ ನಡುವೆ ಒಂದು ಬಿಳಿಯ ಚುಕ್ಕೆ, ಇರುವೆ ಕಚ್ಚಿದ ಎಳ್ಳಿನ ಹಾಗೆ. ಇಷ್ಟಕ್ಕೇನಾ ಎಂದರು ಅತ್ತೆ, ಆದರೆ ಬೀದಿಯವರಿಗೆಲ್ಲ ತಾವೇ ತೋರಿಸಿಕೊಂಡು ಬಂದರು. ಆ ಫೋಟೋ ಈಗಲೂ ನನ್ನ ಟ್ರಂಕಿನಲ್ಲಿದೆ. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಬೇರೆಯದೇ: ಕಿಟಕಿಯ ಬೆಳಕಿಗೆ ಸೂಜಿ ಎತ್ತಿ ಹಿಡಿದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ, ಇವರು ತಲೆ ಎತ್ತಿ ನನ್ನ ಕಡೆ ನೋಡಿದ್ದು. ಸರಿಯಾಗಿ ನೋಡಲು ಬಲಗಣ್ಣು ಮುಚ್ಚಿಕೊಂಡರು. ಅತ್ತೆ ಬಾಗಿಲಲ್ಲೇ ನಿಂತಿದ್ದರೂ ಮುಚ್ಚಿಕೊಂಡರು.